ಹೊಳೆಯ ಚಿನ್ನ, ಅಕ್ಕನ ಬಳೆ

ಈ ಸಲ ಅಡಿಕೆ, ಕೊಳೆರೋಗ, ಮಂಗನ ಕಾಟ ಯಾವುದೂ ಅಲ್ಲ. ಚಿನ್ನ ತೊಳೆಯೋ ಯಂತ್ರದ ವಿಷಯ. ನಗಬೇಡಿ, ಓದಿ. ಇಂಥ ವಿಡಿಯೋ ನೋಡೋ ಹುಡುಗರು ಕುಮಟೆ, ಭಟ್ಕಳದ ಕಡೆಯೂ ಇರಬಹುದು. ಹೊನ್ನಾವರದ ಈಚೆಯ ನಮ್ಮನೆಗಂತೂ ಬಂದೇ ಬಿಟ್ಟಿತ್ತು.

ಅಕ್ಕನ ಮಗ ಬೆಂಗಳೂರಿನ ಕೆಲಸ ಹೋಗಿ ಊರಿಗೆ ಬಂದವನು. "ಮಾವಾ, ಊರ ಹೆಸರಲ್ಲೇ ಹೊನ್ನು ಇದೆ. ಹೊಳೆಯ ಮೇಲ್ಗಡೆ ಹೊತ್ತುಕೊಂಡು ಹೋಗೋ ಯಂತ್ರ ಒಂದಿದ್ರೆ ಸಾಕು" ಅಂದ. ಹೊರದೇಶದಿಂದ ತರಿಸೋಕೆ ಅವನ ಲೆಕ್ಕ 60 ಸಾವಿರ. ಅದಕ್ಕೆ ಅಕ್ಕ ತನ್ನ ಎರಡು ಬಳೆ ಸೊಸೈಟಿಯಲ್ಲಿ ಅಡವಿಡಲು ತಯಾರಾಗಿದ್ದಳು. ನನ್ನ ಹತ್ರ ಅವರು ಕೇಳಿದ್ದು ಯಾವ ಯಂತ್ರ ಒಳ್ಳೇದು ಅಂತ ಮಾತ್ರ. ಬೇಕೋ ಬೇಡವೋ ಅಂತ ಅಲ್ಲ. ಹಾಗಾಗಿ ನಾನೂ ಯಂತ್ರದಿಂದಲೇ ಶುರು ಮಾಡಿದೆ.

ಇದರಲ್ಲಿ ನಾಲ್ಕು ಮೆಟ್ಟಿಲು. ಮೊದಲನೇದು ಪ್ಯಾನ್, ಅಂದರೆ ತಟ್ಟೆ. ಎರಡನೇದು ಸ್ಲೂಸ್: ಅಡ್ಡಪಟ್ಟಿ, ಕೆಳಗೆ ಒರಟು ಚಾಪೆ ಇರುವ ಉದ್ದ ತೊಟ್ಟಿ. ಹರಿಯೋ ನೀರಲ್ಲಿ ಅಡಿಗೆ ಸುಮಾರು ಒಂದು ಇಂಚು ಇಳಿಜಾರು ಕೊಟ್ಟು ಇಡೋದು. ಮೂರನೇದು ಅದಕ್ಕೇ ಜರಡಿ, ಪೆಟ್ರೋಲ್ ಪಂಪ್ ಜೋಡಿಸಿದ್ದು. ನಾಲ್ಕನೇದು ತಳದ ರೇತಿ ಹೀರಿ ಎತ್ತೋ ಡ್ರೆಜ್. ನಾಲ್ಕಕ್ಕೂ ಸೂತ್ರ ಒಂದೇ. ಒಂದೇ ಗಾತ್ರದ ನೀರಿಗಿಂತ ಬಿಳಿಗಲ್ಲಿನ ರೇತಿ 2.65 ಪಟ್ಟು ಭಾರ, ಕಬ್ಬಿಣದ ಕಪ್ಪು ರೇತಿ ಸುಮಾರು 5 ಪಟ್ಟು, ಚಿನ್ನ 19 ಪಟ್ಟು. ಹಗುರದ್ದು ತೇಲಿ ಹೋಗ್ತದೆ, ಭಾರದ್ದು ತಳ ಹಿಡೀತದೆ. ಯಂತ್ರ ದೊಡ್ಡದಾದರೆ ಹೆಚ್ಚು ರೇತಿ ತೊಳೀತದೆ ಅಷ್ಟೇ, ಇಲ್ಲದ ಚಿನ್ನ ಹುಟ್ಟೋದಿಲ್ಲ. ಆರಿಸುವಾಗ ನೋಡಬೇಕಾದ್ದು ತೋಟಕ್ಕೆ ಪಂಪ್‌ಸೆಟ್ ತರುವಾಗ ನೋಡೋದನ್ನೇ: ಯಾರು ಹೊರ್ತಾರೆ, ಪೆಟ್ರೋಲ್ ಎಷ್ಟು ಕುಡೀತದೆ, ಬಿಡಿಭಾಗ ಪೇಟೆಯಲ್ಲಿ ಸಿಗ್ತದಾ.

ಆಮೇಲೆ ಒಂದು ಪರೀಕ್ಷೆ ಇಟ್ಟೆ. ಬಲೆಗೆ ಕಟ್ಟೋ ಸೀಸದ ಗುಂಡು ಚಪ್ಪಟೆ ಮಾಡಿ ಎಳ್ಳಿನಷ್ಟು 20 ಚೂರು ಕತ್ತರಿಸಿದೆ. ಮನೆ ರಿಪೇರಿಗೆ ತಂದಿಟ್ಟ ರೇತಿ ಒಂದು ಬುಟ್ಟಿ ತಗೊಂಡು ಅದರಲ್ಲಿ ಬೆರೆಸಿದೆ. ಹಳೇ ಬೋಗುಣಿ ಕೊಟ್ಟು "ತೊಳೆ" ಅಂದೆ. ಮಾಣಿಗೆ ಸಿಕ್ಕಿದ್ದು 11. ಬಾಕಿ 9 ಚೂರು ನೀರಿನ ಸಂಗಡ ಹೋಯ್ತು. ಅಕ್ಕ ಬಂದು ಸೆರಗು ಸಿಕ್ಕಿಸಿ ಕೂತಳು. ಅಕ್ಕಿಯಲ್ಲಿ ಕಲ್ಲು ಜಾಲಿಸೋ ಕೈ ಅದು. ಅವಳ ಬೋಗುಣಿಯಲ್ಲಿ 19 ಉಳೀತು. ಸೀಸ ಚಿನ್ನಕ್ಕಿಂತ ಹಗುರ, ಅದನ್ನೇ ಹಿಡಿದ ಕೈಗೆ ಚಿನ್ನ ತಪ್ಪೋದಿಲ್ಲ. (ನೀವೂ ಮಾಡಿ ನೋಡೋದಾದ್ರೆ ಅಡುಗೆ ಪಾತ್ರೆ ಬೇಡ, ಆಮೇಲೆ ಕೈ ಸೋಪು ಹಾಕಿ ತೊಳೀರಿ.)

ಆ 'ಜಾಲಿಸು' ಅನ್ನೋ ಮಾತಿನಿಂದಲೇ ಜಾಲಗಾರರು. ಗದಗ ಕಡೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆನೀರು ಇಳಿದ ಮೇಲೆ ಮರಳು ತೊಳೆದು ಚಿನ್ನದ ಪುಡಿ ತೆಗೀತಿದ್ದವರು ಅವರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆ ಡಂಬಳ ಗುಡ್ಡಗಳ ಚಿನ್ನದ ಕಲ್ಲಿನ ಬಗ್ಗೆ 1874ರಲ್ಲೇ ಬರೆದಿದ್ದಾರೆ. ಜಾಲಗಾರರ ಬಂಡವಾಳ ಒಂದು ಮರದ ಮರಿಗೆ, ಮತ್ತೆ ಕೈಯ ಹದ. ಅಕ್ಕಸಾಲಿಗರ ಅಂಗಡಿಯ ಕಸ, ಮುಂದಿನ ಚರಂಡಿಯ ಕೆಸರು ತೊಳೆದು ಚೂರು ಹೆಕ್ಕುವವರದ್ದೂ ಇದೇ ವಿದ್ಯೆ.

ಇನ್ನು ಲೆಕ್ಕ. ಟನ್ ರೇತಿಗೆ 0.1 ಗ್ರಾಂ ಚಿನ್ನ ಇದೆ ಅಂತಲೇ ಇಟ್ಟುಕೊಳ್ಳುವ. 1 ಗ್ರಾಂ ಬೇಕಾದ್ರೆ 10 ಟನ್. 20 ಕಿಲೋದ ಬುಟ್ಟಿಯಲ್ಲಿ 500 ಬುಟ್ಟಿ. "ಗೊಬ್ಬರ ಹೊರೋಕೆ 50 ಬುಟ್ಟಿಗೇ ಸೊಂಟ ಹಿಡೀತು ಅಂತೀಯಲ್ಲ ಮಾರಾಯಾ" ಅಂದೆ. ಮಾಣಿ ಮಾತಾಡಲಿಲ್ಲ.

ಕಾನೂನೂ ಇದೆ. ಆ ವಿಡಿಯೋದವರದ್ದು ಅಮೆರಿಕ. ಅಲ್ಲಿ 1872ರ ಕಾಯ್ದೆ ಪ್ರಕಾರ ಸಾಮಾನ್ಯ ಮನುಷ್ಯನೂ ಸರಕಾರಿ ಜಾಗದಲ್ಲಿ 20 ಎಕರೆವರೆಗೆ ಗುರುತು ಹಾಕಿಕೊಳ್ಳಬಹುದು. ನಮ್ಮಲ್ಲಿ 1957ರ ಗಣಿ ಮತ್ತು ಖನಿಜ ಕಾಯ್ದೆ. ಪರವಾನಗಿ, ಗುತ್ತಿಗೆ ಇಲ್ಲದೆ ತೆಗೆಯೋ ಹಾಗಿಲ್ಲ. ಮೇಲ್ಗಡೆ ಹೋದ್ರೆ ಕಾಡು, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಸಾಲದ್ದಕ್ಕೆ ಗೇರುಸೊಪ್ಪದಲ್ಲಿ ನೀರು ಬಿಟ್ಟಾಗ ಹೊಳೆ ಏರೋದು ದಂಡೆಯವರಿಗೆಲ್ಲ ಗೊತ್ತು. ನಡುಹೊಳೆಯಲ್ಲಿ ಪಂಪ್ ಗದ್ದಲದಲ್ಲಿ ನಿಂತವನಿಗೆ ಅದು ಕೇಳೋದಿಲ್ಲ.

ನನಗೆ ಹೆಚ್ಚು ಹೆದರಿಕೆ ಆದದ್ದು ಪಾದರಸ. ಸಣ್ಣ ಚಿನ್ನ ಹಿಡಿಯೋಕೆ ಪಾದರಸ ಬೆರೆಸಿ, ಆಮೇಲೆ ಕಾಯಿಸಿ ಹಾರಿಸ್ತಾರೆ. ಆ ಹೊಗೆ ಸುಡೋ ಮನುಷ್ಯನ ಒಳಗೆ, ಉಳಿದದ್ದು ಹೊಳೆಗೆ, ಹೊಳೆಯಿಂದ ಮೀನಿಗೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಮೀನಿನ ಮೂಲಕ ಊರನ್ನೇ ಹಾಳು ಮಾಡಿದ್ದು 1956ರಲ್ಲಿ ಬೆಳಕಿಗೆ ಬಂತು. ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಸಂಸಾರ ನಡೆಸೋರು ಎಷ್ಟು ಜನ! ಪಾದರಸ ಬೇಡ, ಬರೀ ಕೆಸರು ಎದ್ದು ಕೂತರೂ ಬಳಚಿಗೆ ಉಸಿರು ಕಟ್ತದೆ.

ಯಂತ್ರ ತರಿಸಲಿಲ್ಲ. ಬಳೆ ಅಕ್ಕನ ಕೈಯಲ್ಲೇ ಇದೆ. ಮಾಣಿಗೆ ಪೂರ್ತಿ ಸಮಾಧಾನ ಆಯ್ತು ಅಂತ ಹೇಳೋದಿಲ್ಲ. ಅವನಿಗೆ ಬೇಕಾಗಿದ್ದು ಚಿನ್ನಕ್ಕಿಂತ ಕೆಲಸ. ಮಳೆಗಾಲ ಹತ್ತಿರ ಬಂತು, ನಮ್ಮೆರಡೂ ತೋಟಕ್ಕೆ ಬೋರ್ಡೋ ಹೊಡೆಯೋ ಪಂಪ್ ಅವನ ಜವಾಬ್ದಾರಿ, ಕೊನೆಗಾರರಿಗೆ ಕೊಡೋ ಹಾಗೇ ದಿನದ ಕೂಲಿ ಲೆಕ್ಕ ಹಾಕಿ ಕೊಡ್ತೇನೆ ಅಂದಿದ್ದೇನೆ. ಒಪ್ಪಿದ್ದಾನೆ.

ನಿಮ್ಮನೆಯಲ್ಲೂ ಯಾರಾದ್ರೂ ಇಂಥ ಯಂತ್ರ ತೋರಿಸಿದ್ರೆ ಬೈಯಬೇಡಿ. ಒಂದು ಬೋಗುಣಿ, 20 ಸೀಸದ ಚೂರು ಕೊಟ್ಟು ಕೂರಿಸಿ. ಅದು ಮುಗಿದ ಮೇಲೆ ಒಟ್ಟಿಗೆ ಕೂತು ಬುಟ್ಟಿಯ ಲೆಕ್ಕ ಹಾಕಿ. ದುಡ್ಡಿನ ಮಾತು ಆಮೇಲೆ.