ಮನೆಯ ತಿಗರಿಯೂ ಮಣ್ಣಿನ ಧೂಳೂ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಬಾಲಿಕೆಯರಿಗೆ ಮಣ್ಣಿನ ಮಹಿಮೆಯನ್ನು ಹೇಳಿಕೊಡಬೇಕಾದ ಅವಶ್ಯಕತೆಯಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಎರೆಮಣ್ಣಿನ ಎತ್ತುಗಳನ್ನು ನೋಡದೆ ಬೆಳೆದವರು ನಮ್ಮ ಕಡೆ ಅಪರೂಪ. ಬೇಸಿಗೆಯಲ್ಲಿ ಗಡಿಗೆಯ ತಣ್ಣೀರು ಕುಡಿದವರು ಕುಂಬಾರನ ಉಪಕಾರವನ್ನು ಮರೆಯಲಾರರು. ಭಾಲ್ಕಿಯ ಕುಂಬಾರ ಗುಂಡಯ್ಯನಂಥ ಶರಣನನ್ನು ನಾಡಿಗೆ ಕೊಟ್ಟ ಕಸಬು ಇದು; ಹರಿಹರ ಕವಿಯು ಆತನ ಮೇಲೆ ಒಂದು ರಗಳೆಯನ್ನೇ ರಚಿಸಿದನು. ಇಂಥ ಕಸಬಿನಲ್ಲಿ ಒಂದು ಕೇಡು ಅಡಗಿರುವದೆಂದು ಬರೆಯುವಾಗ ನನ್ನ ಲೇಖನಿಯು ತುಸು ಹಿಂಜರಿಯುತ್ತದೆ. ಆದರೆ ನನ್ನ ವಿದ್ಯಾರ್ಥಿನಿಯರಲ್ಲಿ ಕುಂಬಾರರ ಮನೆಯ ಮಕ್ಕಳು ಇರುವರು. ಕುಶಲ ಕೆಲಸಕ್ಕೆಂದು ಮನೆಯಲ್ಲಿ ತಿಗರಿಯನ್ನಿಟ್ಟುಕೊಂಡ ಹಳೆಯ ವಿದ್ಯಾರ್ಥಿನಿಯರೂ ಇರುವರು. ಅವರ ಕ್ಷೇಮಕ್ಕೋಸ್ಕರ ಈ ನಾಲ್ಕು ಮಾತುಗಳು.

ಕೇಡು ಇರುವದು ಹಸಿ ಮಣ್ಣಿನಲ್ಲಲ್ಲ, ಒಣಗಿ ಪುಡಿಯಾದ ಮಣ್ಣಿನಲ್ಲಿ. ಜೇಡಿಮಣ್ಣಿನಲ್ಲಿ ಬೆಣಚುಕಲ್ಲಿನ, ಅರ್ಥಾತ್ ಸಿಲಿಕಾದ, ಅತಿ ಸೂಕ್ಷ್ಮ ಕಣಗಳು ಬೆರೆತಿರುತ್ತವೆ. ದಪ್ಪ ಧೂಳನ್ನು ಮೂಗು ಗಂಟಲುಗಳು ಬಹುಮಟ್ಟಿಗೆ ತಡೆಯುತ್ತವೆ. ಆದರೆ ಸುಮಾರು 4 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ತಳವನ್ನು ಮುಟ್ಟಬಲ್ಲವು. ಒಂದು ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಎಂದರೆ, ಇವು ಕಣ್ಣಿಗೆ ಕಾಣುವವೇ? ಇವು ಗಾಳಿಯಲ್ಲಿ ತಾಸುಗಟ್ಟಲೆ ತೇಲುತ್ತಿರುವವು. ಕೋಣೆಯು ಸ್ವಚ್ಛವಾಗಿದೆಯೆಂದು ನಾವು ಭ್ರಮಿಸುವೆವು. ವರ್ಷಾನುವರ್ಷ ಇವನ್ನು ಉಸಿರಾಡಿದವರ ಶ್ವಾಸಕೋಶವು ಗಾಯದ ಕಲೆಯಂತೆ ಗಟ್ಟಿಯಾಗುವದು. ಈ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಇದನ್ನು ಪೂರ್ಣ ಗುಣಪಡಿಸುವ ಔಷಧವಿಲ್ಲ. ಇದು ಬಂದವರಿಗೆ ಕ್ಷಯದ ಭಯವೂ ಹೆಚ್ಚು. ಇಂಥ ಧೂಳು ಅರ್ಬುದಕ್ಕೂ ಕಾರಣವೆಂದು 1997ರಲ್ಲಿ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆಯು ನಿರ್ಣಯಿಸಿತು.

ಹಿಂದುಸ್ಥಾನದಲ್ಲಿ ಈ ರೋಗವು ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಗಳಿಂದ. 1948ರ ಕಾರಖಾನೆಗಳ ಕಾಯದೆಯು ಇದನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಆದರೆ ಮನೆಯ ಪಡಸಾಲೆಯಲ್ಲಿ ತಿರುಗುವ ತಿಗರಿಯನ್ನು ನೋಡಲು ಯಾವ ಅಧಿಕಾರಿ ಬರುವನು? ಅಲ್ಲಿ ಗೃಹಿಣಿಯೇ ಅಧಿಕಾರಿಣಿಯಾಗಬೇಕು. ಇಂಗ್ಲೆಂಡಿನ ಕುಂಬಾರಿಕೆಯಲ್ಲಿ ಚಕಮಕಿ ಕಲ್ಲನ್ನು ಒಣಗಿದಂತೆಯೇ ಕುಟ್ಟುತ್ತಿದ್ದಾಗ ಕೆಲಸಗಾರರು ಅಕಾಲ ಮರಣಕ್ಕೆ ತುತ್ತಾಗುತ್ತಿದ್ದರು. 1726ರಲ್ಲಿ ಥಾಮಸ್ ಬೆನ್ಸನ್ ಎಂಬವನು ಅದನ್ನು ನೀರಿನಲ್ಲಿ ಅರೆಯುವ ಯುಕ್ತಿಗೆ ಹಕ್ಕುಪತ್ರ ಪಡೆದನು. ಮುನ್ನೂರು ವರ್ಷಗಳ ಹಿಂದಿನ ಆ ಪಾಠವೇ ಇಂದಿಗೂ ಪಾಠ: ಧೂಳಿಗೆ ಶತ್ರು ನೀರು.

ಭೀಮಾತೀರದ ಒಂದು ಹಳ್ಳಿಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ದೀಪಾವಳಿಯ ಮುಂಚೆ ವಾರಗಟ್ಟಲೆ ಶಾಲೆ ತಪ್ಪಿಸುತ್ತಿದ್ದಳು. ವಿಚಾರಿಸಲು ಹೋದಾಗ ಅವಳು ಒಳಮನೆಯಲ್ಲಿ ಕೊಡತಿಯಿಂದ ಒಣಹೆಂಟೆಗಳನ್ನು ಬಡಿಯುತ್ತಿದ್ದಳು. ಎರಡು ಮಾರು ದೂರದಲ್ಲಿ ತಮ್ಮನ ತೊಟ್ಟಿಲು. ಬಾಗಿಲಲ್ಲಿ ಕುಳಿತ ಅಜ್ಜ ಮಾತುಮಾತಿಗೆ ಏದುಸಿರು ಬಿಡುತ್ತಿದ್ದರು. ಅವರ ದಮ್ಮಿಗೆ ಕಾರಣ ಧೂಳೋ, ಆವಿಗೆಯ ಹೊಗೆಯೋ, ಬೀಡಿಯೋ, ವೈದ್ಯರೇ ಹೇಳಬೇಕು. ನಾನು ಧೂಳಿನ ಮಾತೆತ್ತಿದೆನು. ತಾಯಿಯು, “ಮಣ್ಣು ನಮಗ ಅನ್ನ ಕೊಟ್ಟದ, ಅಕ್ಕೋರೆ. ಅದು ನಮಗ ಹ್ಯಾಂಗ ಕೇಡು ಮಾಡ್ತದ? ಮ್ಯಾಲ ನೀರು ಅಂತೀರಿ, ಬ್ಯಾಸಗ್ಯಾಗ ನೀರು ಎಲ್ಲಿಂದ ತರಲಿ?” ಎಂದಳು. ಎರಡೂ ಯೋಗ್ಯವಾದ ಪ್ರಶ್ನೆಗಳೇ.

ಕುಟ್ಟುವ ಕೆಲಸವೇ ಅನಾವಶ್ಯಕವೆಂದು ನಾನು ವಿವರಿಸಿದೆನು. ಚೆನ್ನಾಗಿ ಒಣಗಿದ ಹೆಂಟೆಯನ್ನು ನೀರಿನಲ್ಲಿ ಬಿಟ್ಟರೆ ಅದು ತಾನಾಗಿಯೇ ಅರಳಿ ಕರಗುವದು. ಹಸಿಯಾರದ ಹೆಂಟೆಯು ಹಾಗೆ ಕರಗದು. ಮರುದಿನ ಆ ರಾಡಿಯನ್ನು ಜರಡಿಯಲ್ಲಿ ಸೋಸಬೇಕು. ತಿಳಿನೀರನ್ನು ಬಗ್ಗಿಸಿ ಮುಂದಿನ ಮಣ್ಣಿಗೆ ಉಪಯೋಗಿಸಿದರೆ ನೀರಿನ ಖರ್ಚು ಅಲ್ಪವೇ ಸರಿ. ಇನ್ನೊಂದು ಲಾಭವುಂಟು. ನಮ್ಮ ಎರೆಭೂಮಿಯಲ್ಲಿ ಸುಣ್ಣದ ಹರಳುಗಳು ಬಹಳ. ಕುಟ್ಟಿದರೆ ಅವು ಚೂರಾಗಿ ಮಣ್ಣಿನಲ್ಲಿಯೇ ಉಳಿದು, ಆವಿಗೆಯಲ್ಲಿ ಸುಟ್ಟ ಸುಣ್ಣವಾಗುವವು; ಅನಂತರ ತೇವ ಹೀರಿ ಉಬ್ಬಿ ಗಡಿಗೆಯ ಮೈಯಿಂದ ಚಕ್ಕೆ ಹಾರಿಸುವವು. ಸೋಸಿದಾಗ ಆ ಹರಳುಗಳು ಇಡಿಯಾಗಿ ಜರಡಿಯಲ್ಲಿ ನಿಲ್ಲುವವು. ಈ ಮಾತು ಕೇಳಿ ಅಜ್ಜ ತಲೆಯೆತ್ತಿದರು. “ಬಡದೂ ಬಡದೂ ನನ್ನ ಎದಿ ಮಣ್ಣಾಗ್ಯದ. ಹುಡಗಿ ಎದೀನರ ಉಳೀಲಿ. ಕೊಡತಿ ಅಟ್ಟದ ಮ್ಯಾಲ ಇಡು,” ಎಂದು ಸೊಸೆಗೆ ಹೇಳಿದರು. ಮುಂದಿನ ದೀಪಾವಳಿಗೆ ಆ ಬಾಲಿಕೆಯು ಶಾಲೆ ತಪ್ಪಿಸಲಿಲ್ಲ. ಚಕ್ಕೆಯೆದ್ದ ಗಡಿಗೆಗಳು ಕಡಿಮೆಯಾದವೆಂದು ತಾಯಿಯೇ ಬಂದು ಹೇಳಿದಳು.

ಮನೆಯಲ್ಲಿ ತಿಗರಿಯಿಟ್ಟವರೆಲ್ಲರೂ ಪಾಲಿಸತಕ್ಕ ನಿಯಮಗಳು ಇವು. ಒಣಮಣ್ಣಿನ ನೆಲಕ್ಕೆ ಕಸಬರಿಗೆ ಹಾಕಬಾರದು; ಒದ್ದೆ ಅರಿವೆಯಿಂದ ಒರಸಬೇಕು, ಕೊಳೆನೀರನ್ನು ಬದಲಿಸಿ ಮತ್ತೊಮ್ಮೆ ಒರಸಬೇಕು. ಪಾತ್ರೆಯ ಮೈಯನ್ನು ಅದು ಅರೆಹಸಿಯಾಗಿರುವಾಗಲೇ ನಯಮಾಡಬೇಕು, ಪೂರ್ಣ ಒಣಗಿದ ಮೇಲೆ ಉಜ್ಜಬಾರದು. ಚೆಲ್ಲಿದ ಮಣ್ಣನ್ನು ಒಣಗುವ ಮುಂಚೆಯೇ ತೆಗೆಯಬೇಕು. ಕೆಲಸದ ಅರಿವೆಯನ್ನು ಒಳಗೆ ಝಾಡಿಸದೆ ನೀರಿನಲ್ಲಿ ಹಾಕಬೇಕು; ಅದನ್ನುಟ್ಟು ಅಡಿಗೆಮನೆಗೆ ಹೋಗಬಾರದು, ಕೂಸನ್ನು ಎತ್ತಿಕೊಳ್ಳಬಾರದು. ತಿಗರಿಯ ಕೋಣೆಯಲ್ಲಿ ಯಾರೂ ಉಣ್ಣಬಾರದು, ಮಲಗಬಾರದು. ಸೆರಗನ್ನು ಮೂಗಿಗೆ ಹಿಡಿದರೆ ಸೂಕ್ಷ್ಮ ಕಣಗಳು ನಿಲ್ಲವು. ಒಣಪುಡಿ ಮುಟ್ಟಲೇಬೇಕಾದಾಗ ಎನ್-95 ಎಂಬ ಮುಖಗವುಸನ್ನು ಅಂಚುಗಳು ಗಲ್ಲಕ್ಕೆ ಬಿಗಿಯಾಗಿ ಕೂಡುವಂತೆ ಕಟ್ಟಬೇಕು. ಮುಖಗವುಸು ಕಡೆಯ ಉಪಾಯವೇ ಹೊರತು ಮೊದಲನೆಯದಲ್ಲ; ಧೂಳು ಏಳದಂತೆ ಮಾಡುವದೇ ಮೊದಲನೆಯದು.

ಪ್ರಿಯ ವಿದ್ಯಾರ್ಥಿನಿಯರೇ, ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ. ಒಂದು ಬಕೀಟು, ಒಂದು ಅರಿವೆ, ಒಂದು ಜರಡಿ, ಮತ್ತು ದಿನಾಲು ತಪ್ಪದ ಅಭ್ಯಾಸ ಸಾಕು. ನಿಮ್ಮ ಓಣಿಯಲ್ಲಿ ತಿಗರಿಯ ಮನೆಯಿದ್ದರೆ ಈ ಮಾತನ್ನು ಅಲ್ಲಿಗೆ ಒಯ್ಯಿರಿ. ಒಯ್ಯುವಾಗ ಕಲಿಸುವವರ ಗರ್ವದಿಂದ ಹೋಗಬೇಡಿರಿ. ಮಣ್ಣಿನ ಗುಣವನ್ನು ನಮಗಿಂತ ಹೆಚ್ಚು ಬಲ್ಲವರು ಅವರು. ಅವರ ಕೆಲಸಕ್ಕೆ ಉಪಕಾರವಾಗುವಂತೆ ಹೇಳಿದರೆ ಅವರು ನಿಶ್ಚಯವಾಗಿ ಕೇಳುವರು.