ಮುಂಬೈಗೆ ಹೊರಡೋ ಮುಂಚೆ

ಮುಂದಿನ ವಾರ ಮುಂಬೈನ ಅಮೆರಿಕನ್ ಕಾನ್ಸುಲೇಟಲ್ಲಿ ನನ್ನ ಗ್ರೀನ್ ಕಾರ್ಡ್ ವೀಸಾ ಇಂಟರ್ವ್ಯೂ. ಮೆಡಿಕಲ್ ಆಯ್ತು. ಪೊಲೀಸ್ ಸರ್ಟಿಫಿಕೇಟ್, ಮದುವೆ ನೋಂದಣಿ ಪತ್ರ, ನನ್ನ ಖರ್ಚಿಗೆ ಇವರು ಹೊಣೆ ಅನ್ನೋ ಐ-864, ಎಲ್ಲಾ ಫೈಲಲ್ಲಿದೆ. ಉಳಿದಿರೋದು ಮದುವೆ ನಿಜದ್ದು ಅಂತ ತೋರಿಸೋದು! ಹೇಗೆ ಪರಿಚಯ ಅಂತ ಕೇಳ್ತಾರಂತೆ. ಜಾತಕ ಕೂಡಿತು, ಬಂದು ಕೇಸರಿಬಾತ್ ತಿಂದ್ರು, ಹಿತ್ತಿಲಲ್ಲಿ ಹತ್ತು ನಿಮಿಷ ಮಾತಾಡಿದ್ವಿ, ಅಷ್ಟೇ. ಇಂಗ್ಲಿಷಲ್ಲಿ ಹೇಳಿ ನೋಡಿದೆ, ನಂಗೇ ನಂಬಿಕೆ ಬರ್ಲಿಲ್ಲ.

ನಿನ್ನೆ ವಾಟ್ಸಾಪ್ ಚಾಟ್ ಆರಿಸ್ತಾ ಕೂತಿದ್ದೆ. "ಯುಗಾದಿ ಜಗಳ ತೆಗೆದುಬಿಡೇ, ಆಫೀಸರ್ ಏನಂದ್ಕೋತಾನೆ" ಅಂದ್ರು ಇವರು, ಡಲ್ಲಾಸಿಂದ. ಹಬ್ಬಕ್ಕೆ ಬರ್ತೀನಿ ಅಂದು ಬರಲಿಲ್ಲ ಅಂತ ನಾಲ್ಕು ದಿನ ಮಾತು ಬಿಟ್ಟಿದ್ದೆ. ಅಷ್ಟೂ ದಿನ ಬರೀ ಇವರದೇ "ಊಟ ಆಯ್ತಾ?" ಉತ್ತರ ಇಲ್ಲ. ಓದ್ತಾ ಕಣ್ಣು ತುಂಬ್ತು.

ಗುಡ್ ಮಾರ್ನಿಂಗ್‌ಗಳನ್ನೆಲ್ಲ ಬಿಟ್ಟು ಆ ನಾಲ್ಕು ದಿನದ್ದನ್ನೇ ಪ್ರಿಂಟ್ ತೆಗೆಸಿದೀನಿ. ಇವರಿಗೆ ಇನ್ನೂ ಹೇಳಿಲ್ಲ :)