ಗಣಕದ ದ್ವಾರಪಾಲಕ

ಯಜಮಾನರು ಮನೆಯೊಳಗೇ ಇದ್ದಾರೆ. ಆದರೆ ಬಾಗಿಲಲ್ಲಿ ನಿಂತ ದ್ವಾರಪಾಲಕನು ‘ಅಂಥವರು ಇಲ್ಲಿಲ್ಲ’ ಎಂದು ಹಟ ಹಿಡಿದರೆ ಗತಿಯೇನು? ಲಿನಕ್ಸ್ ಹಾಕಿದ ಗಣಕದಲ್ಲಿ ಇಂತಹ ದ್ವಾರಪಾಲಕನೊಬ್ಬನಿದ್ದಾನೆ. ಹೆಸರು ‘ಗ್ರಬ್’. 1995ರಲ್ಲಿ ಎರಿಕ್ ಬೋಲಿನ್ ಎಂಬವರು ಬರೆಯತೊಡಗಿದ ಈ ಬೂಟ್ ಲೋಡರಿನ ಕೆಲಸವಿಷ್ಟೆ: ಗಣಕ ಎಚ್ಚೆತ್ತೊಡನೆ ಲಿನಕ್ಸಿನ ತಿರುಳನ್ನು ಡಿಸ್ಕಿನಿಂದ ಮೆಮೊರಿಗೆ ತಂದು, ಅಧಿಕಾರವನ್ನು ಅದಕ್ಕೊಪ್ಪಿಸಿ, ತಾನು ಮರೆಯಾಗುವುದು.

ಕತಗಾಲದ ನಮ್ಮ ಮನೆಯ ಹಳೆಯ ಗಣಕದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಒಂದೇ ಡಿಸ್ಕಿನಲ್ಲಿ ಬಿಡಾರ ಹೂಡಿವೆ. ಕಳೆದ ಮಳೆಗಾಲದಲ್ಲಿ ಬಂಧುವೊಬ್ಬರು ಬಂದು, ವಿಂಡೋಸಿನಲ್ಲಿ ಕುಳಿತು, ಖಾಲಿ ಬಿದ್ದಿದ್ದ ಒಂದು ಪಾರ್ಟಿಷನನ್ನು ಅಳಿಸಿ ಹೋದರು. ಮರುದಿನ ಗುಂಡಿ ಒತ್ತಿದರೆ ಕಪ್ಪು ಪರದೆ! ‘ಅಂತಹ ಪಾರ್ಟಿಷನ್ ಇಲ್ಲ’ ಎಂಬರ್ಥದ ಒಂದು ಇಂಗ್ಲಿಷ್ ಸಾಲು. ಕೆಳಗೆ ‘ಗ್ರಬ್ ರೆಸ್ಕ್ಯೂ’. ಮೂರು ತಿಂಗಳು ಊರೂರು ಅಲೆದು, ಹಿರಿಯರ ಬಾಯಿಂದ ಕೇಳಿ ಬರೆದ ನನ್ನ ಅಂತಿಮ ವರ್ಷದ ಪ್ರಬಂಧವೆಲ್ಲ ಆ ಲಿನಕ್ಸಿನಲ್ಲಿತ್ತು. ಒಪ್ಪಿಸಲು ಉಳಿದಿದ್ದುದು ನಾಲ್ಕೇ ದಿನ.

“ಅದರೊಳಗಿದ್ದದ್ದೆಲ್ಲ ಹೋತಾ ತಮಾ?” ಎಂದಳು ಆಯಿ. ರಿಪೇರಿಯವರೊಬ್ಬರು ಫೋನಿನಲ್ಲಿಯೇ “ಎಲ್ಲ ಅಳಿಸಿ ಹೊಸದಾಗಿ ಹಾಕುವ” ಎಂದು ತೀರ್ಪಿತ್ತರು. ಮಿತ್ರರೇ, ಇಂತಹ ತೀರ್ಪಿಗೆ ಅವಸರದಿಂದ ತಲೆದೂಗಬೇಡಿರಿ ಎನ್ನುವುದಕ್ಕಾಗಿಯೇ ನಾನು ಲೇಖನಿ ಹಿಡಿದದ್ದು.

ಹಳೆಯ ಪದ್ಧತಿಯ ಡಿಸ್ಕಿನಲ್ಲಿ ಮೊದಲ ಸೆಕ್ಟರು 512 ಬೈಟು. ಅದರಲ್ಲಿ ಬೂಟ್ ಲೋಡರಿಗೆ ದಕ್ಕುವುದು 446 ಮಾತ್ರ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು ಬೇಕು. ಎಂದರೆ ಕನ್ನಡದ 150 ಚಿಹ್ನೆಗಳೂ ಹಿಡಿಯದ ಜಾಗ! ಆದ್ದರಿಂದ ಗ್ರಬ್ ತನ್ನ ಮುಂದಿನ ತುಣುಕನ್ನು ಪಕ್ಕದ ತೆರಪಿನಲ್ಲಿಟ್ಟು, ಉಳಿದ ಸಾಮಾನೆಲ್ಲ ಇಂಥ ಪಾರ್ಟಿಷನಿನಲ್ಲಿದೆ ಎಂಬ ವಿಳಾಸವನ್ನು ಅದರಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಮ್ಮದರಲ್ಲಿ ಅದು 6ನೆಯದಾಗಿತ್ತು. 5ನೆಯದು ಅಳಿದೊಡನೆ 6ನೆಯದಕ್ಕೆ 5ರ ಸಂಖ್ಯೆ ಬಂತು. ಕೇರಿಯಲ್ಲಿ ಒಂದು ಮನೆ ಕೆಡವಿ ನಂಬರುಗಳನ್ನು ಬದಲಿಸಿದರೆ ಅಂಚೆಯವನು ಕಾಗದ ಮರಳಿಸಿದ ಹಾಗೆ. ಮನೆ ಅಲ್ಲಿಯೇ ಇದೆ, ಮನೆಯವರೂ ಇದ್ದಾರೆ.

ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಕೊಡೆ ಹಿಡಿದು ಅಲ್ಲಿ ಓದುವುದು, ಒಳಗೆ ಬಂದು ಒತ್ತುವುದು! ‘ಎಲ್‌ಎಸ್’ ಎಂದು ಬರೆದೊಡನೆ ಇದ್ದ ಪಾರ್ಟಿಷನುಗಳ ಪಟ್ಟಿ ಬಂತು. ಒಂದೊಂದನ್ನೇ ಇಣುಕಿ ನೋಡಲಾಗಿ 5ರಲ್ಲಿ ಬೂಟ್ ಮತ್ತು ಗ್ರಬ್ ಕಡತಕೋಶಗಳು ಕಂಡವು. ‘ಸೆಟ್ ಪ್ರಿಫಿಕ್ಸ್’ ಆಜ್ಞೆಯಿಂದ ಹೊಸ ವಿಳಾಸವನ್ನು ತಿಳಿಸಿ, ‘ಇನ್ಸ್‌ಮಾಡ್ ನಾರ್ಮಲ್’, ಆಮೇಲೆ ‘ನಾರ್ಮಲ್’ ಎಂದೆ. ಪರಿಚಿತವಾದ ಮೆನು ಪ್ರತ್ಯಕ್ಷವಾಯಿತು! ಲಿನಕ್ಸ್ ತೆರೆಯಿತು, ಪ್ರಬಂಧದ ಒಂದಕ್ಷರವೂ ಕೆಟ್ಟಿರಲಿಲ್ಲ.

ಅಲ್ಲಿಗೇ ಏಳಬಾರದು. ಈ ತಿದ್ದುಪಡಿ ಗಣಕ ಆರುವವರೆಗೆ ಮಾತ್ರ. ‘ಗ್ರಬ್ ಇನ್‌ಸ್ಟಾಲ್’ ಆಜ್ಞೆಯನ್ನು ಇಡೀ ಡಿಸ್ಕಿಗೆ ಕೊಟ್ಟಾಗಲೇ ಹೊಸ ವಿಳಾಸ ಸ್ಥಿರವಾಗುವುದು. ಆಮೇಲೆ ‘ಅಪ್‌ಡೇಟ್ ಗ್ರಬ್’ ಎಂದರೆ ಮೆನುವೂ ಹೊಸದಾಗುತ್ತದೆ. ಯುಇಎಫ್‌ಐ ಪದ್ಧತಿಯ ಹೊಸ ಗಣಕಗಳಲ್ಲಿ ಬೂಟ್ ಲೋಡರು ಒಂದು ಕಡತವಾಗಿ ಬೇರೆಯೇ ಪಾರ್ಟಿಷನಿನಲ್ಲಿರುತ್ತದೆ. ಅಲ್ಲಿಯ ಚಿಕಿತ್ಸೆ ತುಸು ಬೇರೆ.

ಆ ಬಂಧುಗಳು ದೀಪಾವಳಿಗೆ ಮತ್ತೆ ಬರುವರಂತೆ. ವಿಂಡೋಸಿನ ಪಾಸ್‌ವರ್ಡನ್ನು ಬದಲಿಸಿಟ್ಟಿದ್ದೇನೆ.